ಪರದೆ ಅಳತೆಗೆ ಕೂರದಾಗ: ರಿಮೋಟ್ ಡೆಸ್ಕ್‌ಟಾಪ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ರಿಮೋಟ್ ಡೆಸ್ಕ್‌ಟಾಪ್‌ನ (ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಂದಲೇ ನೋಡಿ ನಡೆಸುವ ವ್ಯವಸ್ಥೆ) ರೆಸಲ್ಯೂಶನ್, ಅಂದರೆ ಪರದೆಯ ಅಗಲ-ಎತ್ತರದಲ್ಲಿರುವ ಚುಕ್ಕಿಗಳ (ಪಿಕ್ಸೆಲ್) ಲೆಕ್ಕದ ಬಗ್ಗೆಯೇ ಇವೆ. ಉತ್ತರಗಳಲ್ಲಿ ನಿಮ್ಮೆದುರಿಗಿರುವ ಕಂಪ್ಯೂಟರನ್ನು ‘ಈಚೆ’ ಎಂದೂ ದೂರದಲ್ಲಿರುವುದನ್ನು ‘ಆಚೆ’ ಎಂದೂ ಕರೆದಿದ್ದೇವೆ. ಕಮಾಂಡ್‌ಗಳು ಇಲ್ಲಿ ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

ಪ್ರಶ್ನೆ: ವಿಂಡೋಸ್‌ನಲ್ಲೇ ಬರುವ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಮೂಲಕ ಕಚೇರಿಯ ಕಂಪ್ಯೂಟರಿಗೆ ಹೋಗುತ್ತೇನೆ. ಅಕ್ಷರ ಮಸುಕಾಗಿ ಕಾಣುತ್ತದೆ. ಸರಿಮಾಡೋಣವೆಂದು ಒಳಗಿನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ, ರಿಮೋಟ್ ಸೆಷನ್‌ನಿಂದ ಬದಲಾಯಿಸಲು ಆಗದು ಎಂಬ ಸಂದೇಶ ಬರುತ್ತದೆ. ಅಡ್ಮಿನ್ ಅನುಮತಿ ಬೇಕೆ?

ಉತ್ತರ: ಅನುಮತಿಯ ಮಾತೇ ಇಲ್ಲಿಲ್ಲ. ನೀವು ತಟ್ಟುತ್ತಿರುವ ಬಾಗಿಲು ತಪ್ಪು, ಅಷ್ಟೆ. ವಿಂಡೋಸ್‌ನ ಈ ಕನೆಕ್ಷನ್ ಆಚೆಯ ಮಾನಿಟರನ್ನು ನಕಲು ಮಾಡುವುದಿಲ್ಲ. ನಿಮಗೆಂದೇ ಒಂದು ಹೊಸ, ಕಣ್ಣಿಗೆ ಕಾಣದ ಪರದೆಯನ್ನು ಆಚೆ ಸೃಷ್ಟಿಸಿ ಅದನ್ನು ಕಳಿಸುತ್ತದೆ. ಆ ಪರದೆ ಎಷ್ಟು ಅಗಲ, ಎಷ್ಟು ಎತ್ತರ ಇರಬೇಕೆಂದು ಕೇಳುವುದು ಈಚೆಯ ಪ್ರೋಗ್ರಾಂ. ಹಾಗಾಗಿ ಆಚೆ ಯಾವ ಮಾನಿಟರ್ ಇದೆ, ಅಸಲಿಗೆ ಮಾನಿಟರ್ ಇದೆಯೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬಾರದು. ರೆಸಲ್ಯೂಶನ್ ಬದಲಿಸುವ ಹಿಡಿ ಈಚೆಯೇ ಇದೆ.

ಸೆಷನ್‌ನಿಂದ ಹೊರಬನ್ನಿ. ಕನೆಕ್ಷನ್ ಕಿಟಕಿಯಲ್ಲಿ ‘ಶೋ ಆಪ್ಷನ್ಸ್’ ಒತ್ತಿ ‘ಡಿಸ್‌ಪ್ಲೇ’ ಟ್ಯಾಬ್‌ಗೆ ಹೋಗಿ. ಅಲ್ಲಿರುವ ಸ್ಲೈಡರನ್ನು ಬಲತುದಿಯವರೆಗೆ ಎಳೆದರೆ ‘ಫುಲ್ ಸ್ಕ್ರೀನ್’ ಎಂದು ಬರುತ್ತದೆ. ಅಂದರೆ ಈಚೆಯ ಪರದೆಯಲ್ಲಿ ಎಷ್ಟು ಪಿಕ್ಸೆಲ್ ಇವೆಯೋ ಅಷ್ಟನ್ನೇ ಆಚೆಯಿಂದ ಕೇಳು ಎಂದು ಹೇಳಿದಂತೆ. ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಕೂರುವುದರಿಂದ ಅಕ್ಷರ ಚೂಪಾಗುತ್ತದೆ. ಬಳಿಕ ‘ಜನರಲ್’ ಟ್ಯಾಬ್‌ಗೆ ಮರಳಿ ‘ಸೇವ್’ ಒತ್ತುವುದನ್ನು ಮರೆಯಬೇಡಿ. ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಂಡ ಹಳೆಯ ಆರ್‌ಡಿಪಿ ಕಡತವನ್ನು (ಕನೆಕ್ಷನ್‌ನ ವಿವರ ಉಳಿಸಿಟ್ಟ ಕಡತ) ಡಬಲ್ ಕ್ಲಿಕ್ ಮಾಡಿ ಒಳಹೋಗುವವರು ಇಲ್ಲೇ ಎಡವುತ್ತಾರೆ: ಆ ಕಡತದೊಳಗೆ ಅದರದೇ ಅಗಲ-ಎತ್ತರ ಬರೆದಿರುತ್ತದೆ, ಬೇರೆಡೆ ಏನು ಬದಲಿಸಿದರೂ ಅದು ಕಿವಿಗೊಡುವುದಿಲ್ಲ. ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್’ ಆರಿಸಿದರೆ ಅದೇ ಕಿಟಕಿ ತೆರೆಯುತ್ತದೆ, ಅಲ್ಲಿ ತಿದ್ದಿ ಸೇವ್ ಮಾಡಿ.

ಇನ್ನು ಮಸುಕಿನ ಕಾರಣ. ಹೆಚ್ಚಿನ ಸಂದರ್ಭಗಳಲ್ಲಿ ಅದು ‘ಸ್ಮಾರ್ಟ್ ಸೈಜಿಂಗ್’. ಕಿಟಕಿಯ ತಲೆಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿದರೆ ಈ ಹೆಸರು ಕಾಣುತ್ತದೆ, ಪಕ್ಕದಲ್ಲಿ ಟಿಕ್ ಇದೆಯೇ ನೋಡಿ. ಇದ್ದರೆ ಆಚೆಯ ಚಿತ್ರದ ರೆಸಲ್ಯೂಶನ್ ಬದಲಾಗದೆ, ಚಿತ್ರ ಮಾತ್ರ ಕಿಟಕಿಗೆ ತಕ್ಕಂತೆ ಕುಗ್ಗುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 1366 ಪಿಕ್ಸೆಲ್‌ನ ಲ್ಯಾಪ್‌ಟಾಪಿನಲ್ಲಿ ತುರುಕಿದರೆ ಪ್ರತಿ 7 ಪಿಕ್ಸೆಲ್‌ಗೆ ಹತ್ತಿರಹತ್ತಿರ 5 ಮಾತ್ರ ಉಳಿಯುತ್ತವೆ. ಒಂದೇ ಪಿಕ್ಸೆಲ್ ದಪ್ಪದ ಗೆರೆ ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದಾಗ ಎರಡಕ್ಕೂ ಅರ್ಧರ್ಧ ಬಣ್ಣ ಹಂಚಬೇಕಾಗುತ್ತದೆ. ಎಕ್ಸೆಲ್ ಶೀಟಿನ ಗೆರೆಗಳನ್ನು ದಿಟ್ಟಿಸಿ ನೋಡಿ: ಕೆಲವು ಕಡುವಾಗಿ, ಕೆಲವು ಬೂದುಬಣ್ಣದಲ್ಲಿ ಕಂಡರೆ ಇದೇ ಕೆಲಸ. ಟಿಕ್ ತೆಗೆಯಿರಿ. ಆಗ ಚಿತ್ರ ಕಿಟಕಿಗಿಂತ ದೊಡ್ಡದಾಗಿ ಸ್ಕ್ರೋಲ್ ಪಟ್ಟಿ ಬಂದರೆ ಸೆಷನ್ನನ್ನೇ ಸರಿಯಾದ ಅಳತೆಗೆ ಮತ್ತೆ ತೆರೆಯುವುದು ಲೇಸು.

ಸ್ಲೈಡರ್ ಕೊಡದ ಅಳತೆ ಬೇಕೆ? ರನ್ ಪೆಟ್ಟಿಗೆಯಲ್ಲಿ (ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ) ‘ಎಂಎಸ್‌ಟಿಎಸ್‌ಸಿ /ಡಬ್ಲ್ಯೂ:1600 /ಎಚ್:900’ ಎಂದು ಹೊಡೆಯಿರಿ. ಓರೆಗೆರೆಗಳ ಹಿಂದೆ ಒಂದೊಂದು ಜಾಗ ಬಿಡಬೇಕು, ಕೋಲನ್‌ನ ಆಚೀಚೆ ಬಿಡಬಾರದು. ಖಾಯಂ ಆಗಿ ಬೇಕಿದ್ದರೆ ಆರ್‌ಡಿಪಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಡೆಸ್ಕ್‌ಟಾಪ್‌ವಿಡ್ತ್’, ‘ಡೆಸ್ಕ್‌ಟಾಪ್‌ಹೈಟ್’ ಸಾಲುಗಳ ಕೊನೆಯ ಅಂಕಿ ಬದಲಿಸಿ. ಇದಿಷ್ಟೇ ಮಾಡಿ ನಿಲ್ಲಿಸಿದರೆ ಫಲವಿಲ್ಲ: ‘ಸ್ಕ್ರೀನ್ ಮೋಡ್ ಐಡಿ’ ಸಾಲಿನಲ್ಲಿ 2 ಇದ್ದರೆ ಫುಲ್ ಸ್ಕ್ರೀನ್ ಎಂದರ್ಥ, ಕಿಟಕಿಯಲ್ಲಿ ತೆರೆಯಲು ಅದನ್ನು 1 ಮಾಡಬೇಕು.

ಪ್ರಶ್ನೆ: ಒಂದು ಕಂಪ್ಯೂಟರನ್ನು ಮಾನಿಟರ್ ಇಲ್ಲದೆ ಮೂಲೆಯಲ್ಲಿಟ್ಟು ಎನಿಡೆಸ್ಕ್ ಎಂಬ ರಿಮೋಟ್ ಪ್ರೋಗ್ರಾಂನಿಂದ ನೋಡಿಕೊಳ್ಳುತ್ತೇನೆ. 1024×768ಕ್ಕಿಂತ ಮೇಲಿನ ರೆಸಲ್ಯೂಶನ್ ಪಟ್ಟಿಯಲ್ಲೇ ಇಲ್ಲ. ಮಾನಿಟರ್ ಹಾಕಿ ನೋಡಿದರೆ ಎಲ್ಲವೂ ಬರುತ್ತದೆ. ಡ್ರೈವರ್ ಮರುಹಾಕಿದ್ದೂ ಆಯಿತು.

ಉತ್ತರ: ಡ್ರೈವರನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ. ಎನಿಡೆಸ್ಕ್, ಟೀಮ್‌ವ್ಯೂವರ್, ಸಾಮಾನ್ಯ ವಿಎನ್‌ಸಿ ಈ ರಿಮೋಟ್ ಪ್ರೋಗ್ರಾಂಗಳೆಲ್ಲ ಮೇಲಿನ ಉತ್ತರದಲ್ಲಿ ಹೇಳಿದ್ದಕ್ಕೆ ತದ್ವಿರುದ್ಧ ಜಾತಿಯವು. ಇವು ಆಚೆ ಈಗಾಗಲೇ ಇರುವ ಪರದೆಯ ಪಡಿಯಚ್ಚನ್ನು ಕಳಿಸುತ್ತವೆ. ಅಲ್ಲಿ ಇಲ್ಲದ ರೆಸಲ್ಯೂಶನ್ ಇಲ್ಲಿಗೆ ಬರುವ ಹಾಗಿಲ್ಲ.

ಮಾನಿಟರ್ ಜೋಡಿಸಿದಾಗ ಎರಡು ಸಂಗತಿ ನಡೆಯುತ್ತವೆ. ಎಚ್‌ಡಿಎಂಐ ಕನೆಕ್ಟರಿನ 19ನೇ ಪಿನ್ ‘ಏನೋ ಸಿಕ್ಕಿಸಿದ್ದಾರೆ’ ಎಂದು ಗ್ರಾಫಿಕ್ಸ್ ಕಾರ್ಡಿಗೆ ಸೂಚಿಸುತ್ತದೆ. ಆಮೇಲೆ ಕಾರ್ಡು ಮಾನಿಟರ್‌ನೊಳಗಿನ ಚಿಕ್ಕ ಮೆಮೊರಿಯಿಂದ ಇಡಿಐಡಿ ಎಂಬ ವಿವರ ಓದುತ್ತದೆ. ಅದರ ಮೂಲ ಭಾಗ ಬರೀ 128 ಬೈಟ್. ಯಾವ್ಯಾವ ರೆಸಲ್ಯೂಶನ್, ಸೆಕೆಂಡಿಗೆ ಎಷ್ಟು ಸಲ ಎಂಬ ಪಟ್ಟಿ ಅದರಲ್ಲೇ ಇರುತ್ತದೆ. ಮಾನಿಟರ್ ಇಲ್ಲದಿದ್ದರೆ ಪಟ್ಟಿಯೂ ಇಲ್ಲ. ಆಗ ವಿಂಡೋಸ್ ಯಾವುದಕ್ಕೂ ಅಪಾಯವಿಲ್ಲದ ಸಣ್ಣ ಅಳತೆಗೆ ಇಳಿದು ಕೂರುತ್ತದೆ.

ಮದ್ದು ಅಗ್ಗದ್ದೇ: ಎಚ್‌ಡಿಎಂಐ ಡಮ್ಮಿ ಪ್ಲಗ್. ಹೆಬ್ಬೆರಳಿನ ಗಾತ್ರದ ಈ ಪ್ಲಗ್‌ನೊಳಗೆ ಇಡಿಐಡಿ ಬರೆದ ಚಿಪ್ ಇರುತ್ತದೆ, ಬೇರೆ ಕರೆಂಟ್ ಬೇಡ. ಸಿಕ್ಕಿಸಿದ ಬಳಿಕ ಆಚೆಯ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ಆರಿಸಿ. 4ಕೆ ಎಂದು ಬರೆದ ಪ್ಲಗ್ ಹಾಕಿದವರು ಒಂದು ಕಡೆ ಜೋಪಾನ: ವಿಂಡೋಸ್ ತಾನಾಗಿಯೇ 3840×2160ಕ್ಕೆ ಏರಿ, ಅಷ್ಟೂ ಪಿಕ್ಸೆಲ್ ಇಂಟರ್‌ನೆಟ್ ಮೇಲೆ ಹರಿಯತೊಡಗುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವುದು ಬೇಡ, 1920×1080ಕ್ಕೆ ಇಳಿಸಿ. ಎರಡು ಪೋರ್ಟ್ ಇರುವ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಪ್ಲಗ್ ಹಾಕಬೇಕು, ಮದರ್‌ಬೋರ್ಡಿನದಕ್ಕೆ ಹಾಕಿದರೆ ಚಿತ್ರ ಕಾರ್ಡಿನಿಂದ ಹೊರಡದೆ ಹೋಗಬಹುದು.

ಇದರದೇ ಇನ್ನೊಂದು ರೂಪ: ಮಾನಿಟರ್ ಇದೆ, ಆದರೆ ರಾತ್ರಿ ಸ್ವಿಚ್ ಆರಿಸಿ ಹೋದ ಮೇಲೆ ರೆಸಲ್ಯೂಶನ್ ಬೀಳುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಇರುವಲ್ಲಿ ಇದು ಹೆಚ್ಚು, ಏಕೆಂದರೆ ಅನೇಕ ಮಾನಿಟರ್‌ಗಳು ಆರಿದೊಡನೆ ಕೇಬಲ್ ಕಿತ್ತಂತೆಯೇ ಕಂಪ್ಯೂಟರಿಗೆ ತೋರುತ್ತವೆ. ಮಾನಿಟರನ್ನು ಆರಿಸದೆ ಸ್ಲೀಪ್‌ಗೆ ಬಿಟ್ಟು ನೋಡಿ. ಅದೂ ಆಗದಿದ್ದರೆ ಎಚ್‌ಡಿಎಂಐ ಕೇಬಲ್‌ಗೆ ಬದಲಾಯಿಸಿ.

ಆಚೆಯದು ವಿಂಡೋಸ್ ಪ್ರೊ ಆಗಿದ್ದರೆ ಪ್ಲಗ್ಗೇ ಬೇಡ, ಅದರ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಹೋಮ್ ಆವೃತ್ತಿ ಆ ಬಗೆಯ ಕನೆಕ್ಷನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಟೀಮ್‌ವ್ಯೂವರ್‌ನಲ್ಲಿ ‘ಸ್ಕೇಲಿಂಗ್’ ಮತ್ತು ‘ಸ್ಕ್ರೀನ್ ರೆಸಲ್ಯೂಶನ್’ ಎಂದು ಎರಡು ಇವೆ. ಯಾವುದನ್ನು ಮುಟ್ಟಬೇಕು?

ಉತ್ತರ: ಮೊದಲು ಸ್ಕೇಲಿಂಗ್. ಅದು ನಿಮಗೆ ಕಾಣುವ ಚಿತ್ರವನ್ನು ಮಾತ್ರ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಆಚೆ ಏನೂ ಆಗದು. ಎರಡನೆಯದು ಆಚೆಯ ಮಾನಿಟರಿನ ಅಳತೆಯನ್ನೇ ಬದಲಿಸುತ್ತದೆ. ಅದರೆದುರು ಯಾರಾದರೂ ಕೂತಿದ್ದರೆ ಅವರ ಪರದೆ ಇದ್ದಕ್ಕಿದ್ದಂತೆ ದಪ್ಪಗಾಗಿ ತೆರೆದಿಟ್ಟ ಕಿಟಕಿಗಳೆಲ್ಲ ಸ್ಥಾನಪಲ್ಲಟವಾಗುತ್ತವೆ. ಹೇಳದೆ ಮಾಡಬೇಡಿ. ಎನಿಡೆಸ್ಕ್‌ನಲ್ಲೂ ಹೀಗೆಯೇ: ‘ಶ್ರಿಂಕ್’, ‘ಸ್ಟ್ರೆಚ್’, ‘ಒರಿಜಿನಲ್’ ಇವು ನೋಟಕ್ಕೆ ಸಂಬಂಧಿಸಿದವು, ರೆಸಲ್ಯೂಶನ್ ಬದಲಿಸುವ ಆಯ್ಕೆ ಬೇರೆ.

ಆಚೆಯ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೇ ಹೋಗಿ ಬದಲಿಸಿದಾಗ ಚಿತ್ರ ಕಪ್ಪಾದರೆ ಗಾಬರಿಯಿಂದ ಕೀಲಿ ಒತ್ತಬೇಡಿ. ‘ಕೀಪ್ ಚೇಂಜಸ್’ ಎಂದು ಒಪ್ಪದಿದ್ದರೆ ವಿಂಡೋಸ್ 15 ಸೆಕೆಂಡಿನಲ್ಲಿ ಹಳೆಯ ಅಳತೆಗೆ ತಾನೇ ಮರಳುತ್ತದೆ. ಕತ್ತಲಲ್ಲಿ ಎಂಟರ್ ಒತ್ತಿದರೆ ಒಪ್ಪಿದಂತಾಗಿಬಿಡಬಹುದು.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ 4ಕೆ. ರಿಮೋಟ್ ಸೆಷನ್ ತೆರೆದರೆ ಐಕಾನ್, ಅಕ್ಷರ ಎಲ್ಲ ಸಾಸಿವೆ ಕಾಳು. ರೆಸಲ್ಯೂಶನ್ ತಗ್ಗಿಸಿದರೆ ಮಸುಕು.

ಉತ್ತರ: ನಿಮಗೆ ಬೇಕಿರುವುದು ಹೆಚ್ಚಿನ ಸ್ಕೇಲ್, ಕಡಿಮೆ ರೆಸಲ್ಯೂಶನ್ ಅಲ್ಲ. ಪಿಕ್ಸೆಲ್ ಅಷ್ಟೇ ಇದ್ದು ಒಂದೊಂದು ಅಕ್ಷರಕ್ಕೆ ಹೆಚ್ಚು ಪಿಕ್ಸೆಲ್ ಸಿಗಬೇಕು.

ಆಚೆ ವಿಂಡೋಸ್ 8.1 ಅಥವಾ ಅದರ ನಂತರದ್ದಾದರೆ, ಕನೆಕ್ಟ್ ಆಗುವಾಗ ಈಚೆಯ ಸ್ಕೇಲ್, ಅಂದರೆ 150 ಅಥವಾ 200 ಶೇಕಡ, ತಾನಾಗಿ ಆಚೆಗೆ ಹೋಗುತ್ತದೆ. ಹಾಗಿದ್ದೂ ಕೆಲವು ಪ್ರೋಗ್ರಾಂ ಚಿಕ್ಕದಾಗಿ ಅಥವಾ ಮಬ್ಬಾಗಿ ಕಂಡರೆ ನೀವು ಹಳೆಯ ಸೆಷನ್‌ಗೇ ಮರಳಿದ್ದೀರಿ ಎಂದು ತಿಳಿಯಿರಿ. ಹಗಲು ಕಚೇರಿಯ ಮಾನಿಟರಿನಲ್ಲಿ 100 ಶೇಕಡದಲ್ಲಿ ಲಾಗಿನ್ ಆಗಿ, ಸೈನ್ ಔಟ್ ಮಾಡದೆ ಸಂಜೆ 4ಕೆಯಿಂದ ಅದೇ ಸೆಷನ್ ಹಿಡಿದರೆ, ಅನೇಕ ಹಳೆಯ ಪ್ರೋಗ್ರಾಂಗಳು ಲಾಗಿನ್ ಹೊತ್ತಿನ ಸ್ಕೇಲನ್ನೇ ಕಚ್ಚಿ ಹಿಡಿದಿರುತ್ತವೆ. ಕೆಲಸ ಸೇವ್ ಮಾಡಿ, ಒಮ್ಮೆ ಪೂರ್ತಿ ಸೈನ್ ಔಟ್ ಆಗಿ ಮತ್ತೆ ಬನ್ನಿ. ಬರೀ ಡಿಸ್‌ಕನೆಕ್ಟ್ ಮಾಡಿದರೆ ಸಾಲದು. ಮುಕ್ಕಾಲು ಪಾಲು ದೂರು ಇಷ್ಟಕ್ಕೇ ಮುಗಿಯುತ್ತವೆ.

ಆಚೆ ವಿಂಡೋಸ್ 7ರಷ್ಟು ಹಳೆಯದಾದರೆ ಅದು ಈ ಸ್ಕೇಲ್ ಸೂಚನೆಯನ್ನು ಗಮನಿಸುವುದೇ ಇಲ್ಲ. ಆಗ ಸೆಷನ್ನನ್ನು 1920×1080ಕ್ಕೆ ತೆರೆದು, ತಲೆಪಟ್ಟಿಯ ಚಿಹ್ನೆಯಡಿ ಇರುವ ‘ಜೂಮ್’ನಲ್ಲಿ 200 ಆರಿಸಿ. 3840ರ ಸರಿಯಾಗಿ ಅರ್ಧ 1920, 2160ರ ಅರ್ಧ 1080. ಒಂದು ಪಿಕ್ಸೆಲ್ ನಾಲ್ಕಾಗಿ ಹರಡುತ್ತದೆ, ನಡುವೆ ಬೀಳುವ ಅರೆಬರೆ ಪಿಕ್ಸೆಲ್ ಇರುವುದಿಲ್ಲ. ನೀವು ರೆಸಲ್ಯೂಶನ್ ತಗ್ಗಿಸಿದಾಗ ಮಸುಕಾಗಿದ್ದು ಬಹುಶಃ 2560 ಅಥವಾ 1600ರಂಥ, ಪೂರ್ಣವಾಗಿ ಭಾಗವಾಗದ ಅಂಕಿ ಆರಿಸಿದ್ದರಿಂದ.

ಪ್ರಶ್ನೆ: ನನ್ನಲ್ಲಿ ಮೂರು ಮಾನಿಟರ್. ‘ಯೂಸ್ ಆಲ್ ಮೈ ಮಾನಿಟರ್ಸ್’ ಟಿಕ್ ಹಾಕಿದರೆ ಮೂರನ್ನೂ ನುಂಗುತ್ತದೆ. ಎರಡು ಮಾತ್ರ ಸೆಷನ್‌ಗೆ ಬೇಕು.

ಉತ್ತರ: ರನ್‌ನಲ್ಲಿ ‘ಎಂಎಸ್‌ಟಿಎಸ್‌ಸಿ /ಎಲ್’ ಎಂದು ಹೊಡೆದರೆ ಮಾನಿಟರ್‌ಗಳ ಸಂಖ್ಯೆಗಳು ಒಂದು ಪುಟ್ಟ ಕಿಟಕಿಯಲ್ಲಿ ಬರುತ್ತವೆ. ಇವು 0ಯಿಂದ ಆರಂಭವಾಗಬಹುದು, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೋರಿಸುವ 1, 2, 3ಕ್ಕೆ ತಾಳೆಯಾಗಲೇಬೇಕೆಂದಿಲ್ಲ. ಆರ್‌ಡಿಪಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ‘ಯೂಸ್ ಮಲ್ಟಿಮಾನ್’ ಸಾಲಿನ ಕೊನೆಗೆ 1 ಇರಿಸಿ. ಕೆಳಗೆ ‘ಸೆಲೆಕ್ಟೆಡ್‌ಮಾನಿಟರ್ಸ್:ಎಸ್:0,1’ ಎಂದು ನಿಮ್ಮ ಸಂಖ್ಯೆಗಳೊಂದಿಗೆ ಸೇರಿಸಿ. ಮೊದಲು ಬರೆದ ಸಂಖ್ಯೆಯ ಮಾನಿಟರ್ ಸೆಷನ್‌ಗೆ ಮುಖ್ಯ ಪರದೆಯಾಗುತ್ತದೆ. ಆರಿಸಿದವು ಅಕ್ಕಪಕ್ಕದವೇ ಆಗಿರಬೇಕು. ನಡುವಿನದನ್ನು ಬಿಟ್ಟು ಎರಡು ತುದಿಯವು ಬೇಕೆಂದರೆ ಆಗದು.

‘/ಸ್ಪ್ಯಾನ್’ ಎಂಬುದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ಎಲ್ಲ ಮಾನಿಟರ್ ಸೇರಿಸಿ ಒಂದೇ ಉದ್ದನೆಯ ಪರದೆಯೆಂದು ಆಚೆಗೆ ಹೇಳುತ್ತದೆ. ಮ್ಯಾಕ್ಸಿಮೈಜ್ ಮಾಡಿದ ಕಿಟಕಿ ಎರಡರ ಮೇಲೂ ಚಾಚಿಕೊಂಡು, ಸಂದೇಶಪೆಟ್ಟಿಗೆಗಳು ಸರಿಯಾಗಿ ಎರಡು ಮಾನಿಟರಿನ ಚೌಕಟ್ಟಿನ ನಡುವೆ ಸೀಳಿ ನಿಲ್ಲುತ್ತವೆ. ಇಂದು ಅದನ್ನು ಬಳಸಲು ಕಾರಣವೇ ಇಲ್ಲ.

ಪ್ರಶ್ನೆ: ಲಿನಕ್ಸ್ ಸರ್ವರಿನ ವಿಎನ್‌ಸಿ ಪರದೆ ಚಿಕ್ಕದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೂ ಇದೇ ಗತಿ.

ಉತ್ತರ: ಎರಡೂ ಬೇರೆ ಬೇರೆ ಸಂಗತಿ. ಟೈಗರ್‌ವಿಎನ್‌ಸಿಯ ‘ವಿಎನ್‌ಸಿಸರ್ವರ್’ ಹೊಸ ಪರದೆ ಸೃಷ್ಟಿಸುವ ಜಾತಿ. ‘ವಿಎನ್‌ಸಿಸರ್ವರ್ :1 -ಜಿಯಾಮೆಟ್ರಿ 1600ಎಕ್ಸ್900 -ಡೆಪ್ತ್ 24’ ಎಂದು ಕೊಟ್ಟರೆ ಆ ಅಳತೆ ಬರುತ್ತದೆ. ನಡುವಿನದು ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರ. ಎಲ್ಲಿಂದಲೋ ಕಾಪಿ ಮಾಡಿದ ಗುಣಾಕಾರ ಚಿಹ್ನೆ ಅಲ್ಲಿ ಕೂತರೆ ಕಮಾಂಡ್ ಕೆಡುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ವ್ಯೂವರನ್ನು, ಅಂದರೆ ಈಚೆಯ ನೋಡುವ ಪ್ರೋಗ್ರಾಮನ್ನು, 5901ನೇ ನೆಟ್‌ವರ್ಕ್ ಪೋರ್ಟಿಗೆ ಜೋಡಿಸಿ. ಈಗಾಗಲೇ ಓಡುತ್ತಿರುವ :1 ಸಂಖ್ಯೆಯ ಪರದೆಯನ್ನು ‘-ಕಿಲ್’ ಕೊಟ್ಟು ನಿಲ್ಲಿಸದೆ ಅದೇ ಸಂಖ್ಯೆಯಲ್ಲಿ ಹೊಸದು ಏಳುವುದಿಲ್ಲ, ನಿಲ್ಲಿಸಿದರೆ ಒಳಗೆ ತೆರೆದಿದ್ದ ಪ್ರೋಗ್ರಾಂಗಳೂ ಮುಚ್ಚುತ್ತವೆ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ ಟೈಗರ್‌ವಿಎನ್‌ಸಿ ವ್ಯೂವರಿನಲ್ಲಿ ಎಫ್8 ಒತ್ತಿ, ಆಪ್ಷನ್ಸ್‌ನಲ್ಲಿ ಆಚೆಯ ಸೆಷನ್ನನ್ನು ಈಚೆಯ ಕಿಟಕಿಗೆ ಹೊಂದಿಸುವ ಆಯ್ಕೆಗೆ ಟಿಕ್ ಹಾಕಿ. ಕಿಟಕಿಯ ಅಂಚು ಎಳೆದಂತೆ ರೆಸಲ್ಯೂಶನ್ನೂ ಬದಲಾಗುತ್ತದೆ.

ಪೈಯದು ನಕಲು ಮಾಡುವ ಜಾತಿ, ಮಾನಿಟರ್ ಇಲ್ಲದ್ದೇ ಅದರ ತೊಂದರೆ. ‘ರಾಸ್ಪಿ-ಕಾನ್ಫಿಗ್’ನ ‘ಡಿಸ್‌ಪ್ಲೇ ಆಪ್ಷನ್ಸ್’ ಒಳಗೆ ವಿಎನ್‌ಸಿ ರೆಸಲ್ಯೂಶನ್ ಇದ್ದರೆ ಅಲ್ಲೇ ಆರಿಸಿ ರೀಬೂಟ್ ಮಾಡಿ. ಅದು ಸಾಲದಿದ್ದರೆ ‘ಸಿಎಂಡಿಲೈನ್’ ಕಡತದ ಒಂದೇ ಸಾಲಿನ ಕೊನೆಗೆ, ಒಂದು ಜಾಗ ಬಿಟ್ಟು, ‘ವಿಡಿಯೊ=ಎಚ್‌ಡಿಎಂಐ-ಎ-1:1920ಎಕ್ಸ್1080@60ಡಿ’ ಎಂದು ಸೇರಿಸಿ. ಇಲ್ಲಿ ಮಾತ್ರ ಎಚ್‌ಡಿಎಂಐ, ಎ, ಕೊನೆಯ ಡಿ ಇಂಗ್ಲಿಷ್ ದೊಡ್ಡಕ್ಷರಗಳು. ಆ ಡಿ ಇದ್ದರೇ ಕೇಬಲ್ ಇಲ್ಲದಿದ್ದರೂ ಪೋರ್ಟ್ ಚಾಲೂ ಆಗುವುದು. ಎಂಟರ್ ಒತ್ತಿ ಎರಡನೇ ಸಾಲಿನಲ್ಲಿ ಬರೆದರೆ ಕೆಲಸ ಮಾಡದು. ಹಳೆಯ ಪುಸ್ತಕಗಳಲ್ಲಿ ‘ಎಚ್‌ಡಿಎಂಐ ಗ್ರೂಪ್ 2, ಮೋಡ್ 82’ ಎಂದು ಕಾಣುತ್ತೀರಿ. ಇಂದಿನ ಪೈಗಳಲ್ಲಿ ಪರದೆ ನಡೆಸುವ ಕೆಎಂಎಸ್ ಡ್ರೈವರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಇಂಟರ್‌ನೆಟ್ ನಿಧಾನ. ರೆಸಲ್ಯೂಶನ್ ಕಡಿಮೆ ಮಾಡಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಏನು ಕೆಲಸ ಮಾಡುತ್ತೀರಿ ಎಂಬುದರ ಮೇಲಿದೆ. 1920×1080ರಲ್ಲಿ 20,73,600 ಪಿಕ್ಸೆಲ್. ಒಂದಕ್ಕೆ 4 ಬೈಟ್ ಎಂದರೆ ಒತ್ತದ (ಕಂಪ್ರೆಸ್ ಮಾಡದ) ಒಂದು ಚಿತ್ರ ಸುಮಾರು 8 ಎಂಬಿ. 4ಕೆಯಲ್ಲಿ ಇದರ ನಾಲ್ಕರಷ್ಟು, 1280×720ರಲ್ಲಿ ಅರ್ಧಕ್ಕಿಂತ ಕಡಿಮೆ. ಆದರೆ ಇಡೀ ಚಿತ್ರ ಪ್ರತಿ ಸಲ ಬರುವುದಿಲ್ಲ. ಬದಲಾದ ಭಾಗ ಮಾತ್ರ, ಅದೂ ಒತ್ತಿ ಚಿಕ್ಕದಾಗಿ ಬರುತ್ತದೆ. ವರ್ಡ್‌ನಲ್ಲಿ ಟೈಪ್ ಮಾಡುವವರಿಗೆ ರೆಸಲ್ಯೂಶನ್ ಇಳಿಸಿ ಸಿಗುವ ಲಾಭ ಅತ್ಯಲ್ಪ. ಉದ್ದನೆಯ ಪಿಡಿಎಫ್ ಸ್ಕ್ರೋಲ್ ಮಾಡುವವರಿಗೆ, ನಕ್ಷೆ ಎಳೆದಾಡುವವರಿಗೆ ಲಾಭ ಎದ್ದು ಕಾಣುತ್ತದೆ. ಕೀಲಿ ಒತ್ತಿ ಅಕ್ಷರ ಮೂಡಲು ತಡವಾಗುತ್ತಿದ್ದರೆ ಅದು ಸಂದೇಶ ಹೋಗಿಬರುವ ದೂರದ ತಡ. ರೆಸಲ್ಯೂಶನ್ 640×480ಕ್ಕೆ ಇಳಿಸಿದರೂ ಅದು ಕದಲದು. ಮೊದಲು ‘ಎಕ್ಸ್‌ಪೀರಿಯೆನ್ಸ್’ ಟ್ಯಾಬ್‌ನಲ್ಲಿ ವಾಲ್‌ಪೇಪರ್, ಅನಿಮೇಷನ್ ತೆಗೆದು ನೋಡಿ. ರೆಸಲ್ಯೂಶನ್‌ಗೆ ಕೈಹಾಕುವುದು ಕೊನೆಗಿರಲಿ.

ಜೊತೆಗೆ ಕೇಳಿದ್ದೀರಿ: ಕಪ್ಪು ಅಕ್ಷರ ಸರಿಯಿದ್ದು ಕೆಂಪು ಅಕ್ಷರ ಮಾತ್ರ ಏಕೆ ಒಡೆದಂತೆ ಕಾಣುತ್ತದೆ? ವಿಡಿಯೊ ಮಾದರಿಯಲ್ಲಿ ಒತ್ತುವಾಗ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಕಳಿಸುವುದು ರೂಢಿ. ಹಾಗಾಗಿ ಬಣ್ಣದ ಗೆರೆಗಳು ಅಂಚಿನಲ್ಲಿ ಚೆದುರುತ್ತವೆ. ಆಚೆ ವಿಂಡೋಸ್ 10 ಪ್ರೊ ಅಥವಾ ಮೇಲಿನದಾದರೆ, ವಿಂಡೋಸ್‌ನ ನಿಯಮಗಳ ಪಟ್ಟಿಯಾದ ಗ್ರೂಪ್ ಪಾಲಿಸಿಯ ‘ರಿಮೋಟ್ ಸೆಷನ್ ಎನ್ವಿರಾನ್ಮೆಂಟ್’ ವಿಭಾಗದಲ್ಲಿ ಎವಿಸಿ 444 ಎಂಬ ಒತ್ತುವ ವಿಧಾನಕ್ಕೆ ಆದ್ಯತೆ ಕೊಡುವ ಸಾಲನ್ನು ಎನೇಬಲ್ ಮಾಡಿದರೆ ಬಣ್ಣವೂ ಪೂರ್ತಿ ಬರುತ್ತದೆ. ನಿಧಾನ ಲೈನಿನಲ್ಲಿ ಇದು ಇನ್ನಷ್ಟು ಭಾರ.

ಪ್ರಶ್ನೆ: ಚಿಕ್ಕ ಲ್ಯಾಪ್‌ಟಾಪಿನಿಂದ ಹೋಗಿಬಂದ ಮೇಲೆ ಆಚೆಯ ಡೆಸ್ಕ್‌ಟಾಪ್ ಐಕಾನ್‌ಗಳೆಲ್ಲ ಚೆಲ್ಲಾಪಿಲ್ಲಿ. ಕೆಲವು ಕಿಟಕಿ ಪರದೆಯ ಹೊರಗೇ ಇರುತ್ತವೆ.

ಉತ್ತರ: ಸಣ್ಣ ಪರದೆಯಲ್ಲಿ ಜಾಗ ಸಾಲದೆ ವಿಂಡೋಸ್ ಐಕಾನ್‌ಗಳನ್ನು ಒತ್ತರಿಸಿ ಜೋಡಿಸುತ್ತದೆ, ದೊಡ್ಡದಕ್ಕೆ ಮರಳಿದಾಗ ಹಳೆಯ ಜಾಗ ನೆನಪಿರುವುದಿಲ್ಲ. ಸೆಷನ್ನನ್ನು ಆಚೆಯ ಮಾನಿಟರಿನ ಅಳತೆಯಲ್ಲೇ ತೆರೆದು ಸ್ಮಾರ್ಟ್ ಸೈಜಿಂಗ್ ಹಾಕಿದರೆ ಐಕಾನ್ ಅಲುಗುವುದಿಲ್ಲ. ಅದಕ್ಕೆ ಮಸುಕು ಸಹಿಸಬೇಕು, ಎರಡರಲ್ಲಿ ಒಂದು. ಕಳೆದುಹೋದ ಕಿಟಕಿಗೆ: ಟಾಸ್ಕ್‌ಬಾರಿನ ಚಿಹ್ನೆ ಮೇಲೆ ಮೌಸ್ ನಿಲ್ಲಿಸಿ, ಮೂಡುವ ಪುಟ್ಟ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೂವ್’ ಆರಿಸಿ, ಒಂದು ಬಾಣದ ಕೀಲಿ ಒತ್ತಿ. ಈಗ ಮೌಸ್ ಅಲುಗಿಸಿದರೆ ಕಿಟಕಿ ಅದಕ್ಕೆ ಅಂಟಿಕೊಂಡು ಬರುತ್ತದೆ. ‘ಮೂವ್’ ಮಂಕಾಗಿದ್ದರೆ ಮೊದಲು ‘ರಿಸ್ಟೋರ್’ ಒತ್ತಿ.

ಪ್ರಶ್ನೆ: ಫುಲ್ ಸ್ಕ್ರೀನ್‌ನಿಂದ ಹೊರಬರುವುದು ಹೇಗೆ? ಮೇಲಿನ ಪಟ್ಟಿಯೂ ಕಾಣುತ್ತಿಲ್ಲ.

ಉತ್ತರ: ಕಂಟ್ರೋಲ್, ಆಲ್ಟ್, ಬ್ರೇಕ್ ಮೂರನ್ನೂ ಒಟ್ಟಿಗೆ ಒತ್ತಿ. ಬ್ರೇಕ್ ಎಂದರೆ ‘ಪಾಸ್’ ಎಂದು ಬರೆದಿರುವ ಕೀಲಿಯೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಎಫ್‌ಎನ್ ಜೊತೆ ಬೇರೊಂದು ಕೀಲಿಯಲ್ಲಿ ಅಡಗಿರುತ್ತದೆ. ಪಟ್ಟಿ ಮತ್ತೆ ಕಾಣಬೇಕಿದ್ದರೆ ಡಿಸ್‌ಪ್ಲೇ ಟ್ಯಾಬ್‌ನ ಕೆಳತುದಿಯಲ್ಲಿ ಕನೆಕ್ಷನ್ ಬಾರ್ ತೋರಿಸುವ ಟಿಕ್ ಇದೆ, ಅದನ್ನು ಹಾಕಿ ಸೇವ್ ಮಾಡಿ. ಕಿಟಕಿಯಿಂದ ಫುಲ್ ಸ್ಕ್ರೀನ್‌ಗೆ ಮರಳಲೂ ಅವೇ ಮೂರು ಕೀಲಿ.